ಬೆಳೆದ ನಾಯಿಗೆ ಬೇರೆ ನಾಯಿಯ ಪರಿಚಯ ಮಾಡಿಸುವುದು ಹೇಗೆ?

"ನಮ್ ನಾಯಿ ಏನೂ ಮಾಡಂಗಿಲ್ಲ ಬಿಡ್ರಿ." ಹುಬ್ಬಳ್ಳಿಯ ನವನಗರದಲ್ಲಿ ಬೆಳಿಗ್ಗೆ ನಾಯಿ ಹಿಡಿದು ಅಡ್ಡಾಡುವವರೆಲ್ಲ ಹೇಳುವ ಮಾತಿದು. ನಾನೂ ಹೇಳುತ್ತಿದ್ದೆ, ನಾಲ್ಕು ವರ್ಷದ ನಮ್ಮ ಕರಿಯ, ಮುಧೋಳ ಮಿಶ್ರ ತಳಿಯ ನಾಯಿ, ಎದುರು ಮನೆ ಕಾಕಾನ ಪಾಮೇರಿಯನ್ ಮೇಲೆ ಹಾರುವವರೆಗೆ. ಪುಣ್ಯಕ್ಕೆ ಗಾಯ ಆಗಲಿಲ್ಲ. ಕಾಕಾ ಮಾತ್ರ ಹದಿನೈದು ದಿನ ಮಾತು ಬಿಟ್ಟರು.

ಮರಿ ಹುಟ್ಟಿದ ಸುಮಾರು 3ನೇ ವಾರದಿಂದ 14ನೇ ವಾರದೊಳಗೆ ಏನೇನು ಕಂಡಿರುತ್ತದೋ ಅದಕ್ಕೆಲ್ಲ ಸಲೀಸಾಗಿ ಹೊಂದಿಕೊಳ್ಳುತ್ತದೆ. ಆಗ ಬೇರೆ ನಾಯಿಗಳನ್ನೇ ನೋಡದಿದ್ದರೆ ಮುಂದೆ ಭಯ. ಇನ್ನು ಮರಿಯಿದ್ದಾಗ ಎಲ್ಲರ ಜೊತೆ ಆಡಿದ್ದ ನಾಯಿಯೂ ಒಂದೂವರೆ, ಎರಡು ವರ್ಷ ದಾಟಿದ ಮೇಲೆ ಕಂಡವರನ್ನೆಲ್ಲ ಹತ್ತಿರ ಸೇರಿಸುವುದಿಲ್ಲ. ನಾವೇನು ಎಲ್ಲರ ಜೊತೆ ಗೆಳೆತನ ಮಾಡುತ್ತೀವಾ? ಹಾಗಾಗಿ ಆಟ ಆಡಿಸುವ ಆಸೆ ಬಿಡಿ. ಇನ್ನೊಂದು ನಾಯಿ ಕಂಡರೂ ತನ್ನ ಪಾಡಿಗೆ ಹೋದರೆ ಸಾಕು.

ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ ನೋವು, ಸೊಂಟದ ನೋವು ಇದ್ದರೆ ಎಂಥ ನಾಯಿಯೂ ಸಿಡುಕುತ್ತದೆ. ರೇಬೀಸ್ ಲಸಿಕೆ ಬಾಕಿಯಿದ್ದರೆ ಅದೂ ಆಗಲಿ.

ಆಮೇಲೆ ದೂರ ಅಳೆಯಿರಿ. ಎಲ್ಲ ನಿಂತಿರುವುದು ಇದರ ಮೇಲೆಯೇ. ಎಷ್ಟು ಹೆಜ್ಜೆ ಆಚೆ ಇನ್ನೊಂದು ನಾಯಿ ಇದ್ದಾಗ ನಿಮ್ಮದು ನೋಡುತ್ತದೆ, ಆದರೆ ಬೊಗಳುವುದಿಲ್ಲ? ಕರಿಯನಿಗೆ ಅದು ನಲವತ್ತು ಹೆಜ್ಜೆ. ಮೂವತ್ತೈದಕ್ಕೆ ಬಂದರೆ ಮೈ ಬಿಗಿ, ಬಾಯಿ ಮುಚ್ಚಿ ಒಂದೇ ದಿಟ್ಟಿ, ಬಾಲ ಮೇಲಕ್ಕೆದ್ದು ಸಣ್ಣಗೆ ನಡುಗುತ್ತಿತ್ತು. ಬಾಲ ಅಲ್ಲಾಡಿಸಿದರೆ ಖುಷಿ ಅಂತ ತಿಳಿದವರು ಪೆಟ್ಟು ತಿನ್ನುವುದು ಇಲ್ಲೇ. ಮೈಯೆಲ್ಲ ಸಡಿಲವಾಗಿ ಸೊಂಟದ ಸಮೇತ ಅಲ್ಲಾಡಿದರೆ ಅದು ಸಲಿಗೆ. ನಿದ್ದೆ ಬರದಿದ್ದರೂ ಆಕಳಿಸುವುದು, ಸುಮ್ಸುಮ್ನೆ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ "ನನಗೆ ಸಾಕು" ಅನ್ನುವ ಸೂಚನೆ.

ನಿಮ್ಮ ನಾಯಿ ಬೊಗಳದೆ ನೋಡುವ ಆ ದೂರದಲ್ಲೇ ನಿಂತು ತಿನಿಸು ಕೊಡಿ. ನಾಯಿ ಕಂಡ ತಕ್ಷಣ ಬೇಯಿಸಿದ ಕೋಳಿಯ ಒಂದು ಚೂರು, ಅದು ಮರೆಯಾದರೆ ಚೂರು ಬಂದ್. ಬರೀ ರೊಟ್ಟಿ ತುಂಡಿಗೆ ಕರಿಯ ತಿರುಗಿಯೂ ನೋಡಲಿಲ್ಲ. ಸಂಜೆ ತಿರುಗಾಟದಲ್ಲಿ ನಾವು ತಿನ್ನುವ ಗಿರ್ಮಿಟ್ ಹಂಚಿಕೊಳ್ಳಬೇಡಿ, ಅದರಲ್ಲಿರುವ ಉಳ್ಳಾಗಡ್ಡಿ ನಾಯಿಗೆ ವಿಷ. ಕೆಲವು ದಿನಕ್ಕೆ ಇನ್ನೊಂದು ನಾಯಿ ಕಂಡರೆ ನಿಮ್ಮ ಮುಖ ನೋಡಲು ಶುರು ಮಾಡುತ್ತದೆ. ಆಗ ಎರಡು ಹೆಜ್ಜೆ ಮುಂದೆ, ಜಾಸ್ತಿ ಬೇಡ. ಬೊಗಳಿತೋ, ಹೊಡೆಯಬೇಡಿ, ಹಿಂದಕ್ಕೆ ಬನ್ನಿ. ಹೊಡೆತ ತಿಂದ ನಾಯಿ ಗುರ್ ಅನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯಬಹುದು.

ಮುಂದೆ ಜೊತೆಯಾಗಿ ನಡೆಸುವುದು. ಇದಕ್ಕೆ ಶಾಂತ ಸ್ವಭಾವದ ನಾಯಿ ಬೇಕು, ಜಾಗವೂ ಇಬ್ಬರದ್ದಲ್ಲದ್ದು ಇರಬೇಕು. ಮನೆ ಅಂಗಳದಲ್ಲಂತೂ ಬೇಡವೇ ಬೇಡ. ಚಹಾ ಕುಡಿಸಿ ಕಾಕಾನನ್ನೇ ಒಪ್ಪಿಸಿದೆ, ಓಣಿಯಾಚೆ ಖಾಲಿ ಪ್ಲಾಟುಗಳ ಬಯಲಿಗೆ ಹೋದೆವು. ಇಬ್ಬರೂ ಒಂದೇ ದಿಕ್ಕಿಗೆ, ನಡುವೆ ಅಗಲವಾಗಿ ಜಾಗ ಬಿಟ್ಟು, ಹಗ್ಗ ಸಡಿಲ ಬಿಟ್ಟು ನಡೆಯುವುದು. ಹಗ್ಗ ಜಗ್ಗಿ ಹಿಡಿದರೆ ನಾಯಿಗೂ ಏನೋ ಅಪಾಯ ಅನ್ನಿಸುತ್ತದೆ. ಮಳೆಗಾಲ, ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಎರಡು ಕಿಲೋ ಆಗಿತ್ತು, ಕಾಕಾ ಬೈಯುತ್ತಲೇ ನಡೆದರು, ನಾಯಿಗಳು ಮಾತ್ರ ನೆಲ ಮೂಸುತ್ತಾ ಆರಾಮಾಗಿದ್ದವು. ಒಂಬತ್ತನೇ ದಿನ ಅಂತರ ನಾಲ್ಕು ಮಾರಿಗೆ ಇಳಿಯಿತು.

ಮೂಸಲು ಬಿಡುವುದು ಕೊನೆಗೆ. ಮುಖಾಮುಖಿ ಬೇಡ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಪಕ್ಕದಿಂದ ಬರಲಿ. ಮೂರು ಎಣಿಸುವಷ್ಟು ಹೊತ್ತು ಮೂಸಲಿ, ನಂತರ ಖುಷಿಯಿಂದ ಕರೆದು ದೂರ ಹೋಗಿ. ಮತ್ತೆ ಬೇಕಾದರೆ ಅದೇ ಬರುತ್ತದೆ. ಹಿಂದೆ ಕಚ್ಚಿದ ನಾಯಿಯಾದರೆ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ, ಅದರಲ್ಲಿ ಬಾಯಿ ತೆರೆದು ಉಸಿರಾಡಲೂ ನೀರು ಕುಡಿಯಲೂ ಬರುತ್ತದೆ. ಮನೆಯಲ್ಲೇ ಮೊದಲು ರೂಢಿ ಮಾಡಿಸಿರಬೇಕು.

ಬೀದಿ ನಾಯಿಗಳ ಲೆಕ್ಕ ಬೇರೆ. ಅವುಗಳ ಜೊತೆ ಅಭ್ಯಾಸ ಮಾಡಲು ಹೋಗಬೇಡಿ, ಅವುಗಳಿಗೆ ನಾವೇ ಹೊರಗಿನವರು. ಕಾರ್ತೀಕ ಮಾಸದ ಹೊತ್ತಿಗೆ ಗುಂಪು ಕಟ್ಟಿಕೊಂಡು ತಿರುಗುತ್ತವೆ, ಆಗ ದಾರಿ ಬದಲಿಸಿ.

ಜಗಳ ಹತ್ತಿಯೇ ಬಿಟ್ಟಿತು ಅಂದರೆ ನಡುವೆ ಕೈ ಹಾಕಬೇಡಿ. ನೀರು ಎರಚಿ. ಬಿಡದಿದ್ದರೆ ಇಬ್ಬರು ಒಂದೊಂದು ನಾಯಿಯ ಹಿಂಗಾಲು ಎತ್ತಿ ಹಿಂದಕ್ಕೆ ಎಳೆಯಿರಿ. ನಿಮಗೆ ಹಲ್ಲು ತಾಗಿದ್ದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಯನ್ನು ಎರಡು ಮೂರು ದಿನ ಅಂಗಳದಲ್ಲೇ ಬಿಡಿ, ಅದರ ಉದ್ವೇಗ ಇಳಿಯಲಿ. ಮತ್ತೆ ಹೊರಟಾಗ ಮೊದಲು ಅಳೆದ ದೂರದಿಂದಲೇ ಶುರು.