ಹಳೇ ರೂಲ್ಸಾ ಹೊಸ ರೂಲ್ಸಾ ಅಂತ ಜಗಳ ಆದಾಗ ಒಂದೇ ಫೈಟನ್ನ ಎರಡು ಸಲ ಆಡಿಸಿದೆ

ನಮ್ಮ ಗುಂಪಲ್ಲಿ ಎಲ್ರಿಗೂ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಡೈಸ್ ಉರುಳಿಸಿ ಪಾತ್ರ ಆಡೋ ಟೇಬಲ್ ಆಟ) ಐದನೇ ಎಡಿಷನ್ ಬಾಯಿಪಾಠ, 2014ರ ರೂಲ್ಸ್ ಪುಸ್ತಕ, ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೀದೇನೇ ಆಡೋ ಜನ. 2024ರ ಸೆಪ್ಟೆಂಬರಲ್ಲಿ ಹೊಸ ಹ್ಯಾಂಡ್‌ಬುಕ್ ಬಂತು ನೋಡಿ, ಅವತ್ತಿಂದ ಆಟಕ್ಕಿಂತ ಜಗಳಾನೇ ಜಾಸ್ತಿ. ಫೈಟರ್ (ಆಯುಧ ನಂಬಿದ ಯೋಧ) ಆಡೋಳಿಗೆ ಹೊಸದೇ ಬೇಕು, ಪ್ಯಾಲಡಿನ್ (ದೈವಬಲ ಇರೋ ಯೋಧ) ಆಡೋನು ಆ ಪುಸ್ತಕ ಮುಟ್ಟಲ್ಲ ಅಂತಾನೆ, ಉಳಿದಿಬ್ರು ಯಾರು ಕೊನೇಗೆ ಮಾತಾಡಿದ್ರೋ ಅವರ ಕಡೆ. ಆಟ ನಡೆಸೋ ಡಿಎಂ ನಾನು, ಪಂಚಾಯ್ತಿ ನನ್ನ ತಲೆಗೇ ಬಂತು.

ನಂಗೆ ಹಳೇ ಭಯ ಬೇರೆ ಇತ್ತು. 2008ರಲ್ಲಿ ನಾಲ್ಕನೇ ಎಡಿಷನ್ ಬಂದಾಗ ನಾನು ಆಡ್ತಿದ್ದ ಗುಂಪು ಇದೇ ಥರ ವಾದ ಮಾಡ್ಕೊಂಡೇ ಒಡೆದು ಹೋಯ್ತು, ಅರ್ಧ ಜನ ಅದರ ಹಿಂದಿನ 3.5 ಎಡಿಷನ್ ಬಿಡಲ್ಲ ಅಂತ ಪಟ್ಟು ಹಿಡಿದೋರು ಮುಂದಿನ ವರ್ಷ 3.5 ಥರಾನೇ ಇರೋ ಇನ್ನೊಂದು ಆಟ ಪಾತ್‌ಫೈಂಡರ್ ಬಂದಿದ್ದೇ ಆ ಕಡೆ ಹೋದ್ರು, ಉಳಿದ ಮೂರು ಜನ ಮತ್ತೆ ಟೇಬಲ್ ಹಾಕ್ಲೇ ಇಲ್ಲ. ಆವಾಗ ದೊಡ್ಡ ಗಲಾಟೆ ಆಗಿದ್ದು ಫೈಟರ್‌ಗೆ ಕೊಟ್ಟಿದ್ದ ರೀಪಿಂಗ್ ಸ್ಟ್ರೈಕ್ ಬಗ್ಗೆ, ಏಟು ತಪ್ಪಿದ್ರೂ ಡ್ಯಾಮೇಜ್ ಆಗುತ್ತಲ್ಲ ಅದು. ತಪ್ಪಿದ್ಮೇಲೆ ಗಾಯ ಎಲ್ಲಿಂದ ಬರುತ್ತೆ ಅಂತ ರಾತ್ರಿಯೆಲ್ಲಾ ಕಿತ್ತಾಟ. ಈಗ 2024ರಲ್ಲಿ ಗ್ರೇಟ್‌ಸ್ವೋರ್ಡ್‌ಗೆ ಗ್ರೇಜ್ ಅಂತ ವೆಪನ್ ಮಾಸ್ಟರಿ (ಆಯುಧದ ವಿಶೇಷ ಗುಣ) ಕೊಟ್ಟಿದಾರೆ, ತಪ್ಪಿದ್ರೂ ಸ್ಟ್ರೆಂತ್ ಮಾಡಿಫೈಯರ್ (ಪಾತ್ರದ ಬಲದ ಅಂಕ) ಅಷ್ಟು ಡ್ಯಾಮೇಜ್, ಹೆಚ್ಚೂಕಮ್ಮಿ ಅದೇ ಸರಕು. ಅವತ್ತು ಬೈದೋನೊಬ್ಬ ಮೊನ್ನೆ ಫೋನ್ ಮಾಡಿ ಗ್ರೇಜ್ ಸೂಪರ್ ಅಂದ. ನಾನು ಜ್ಞಾಪಿಸೋಕೆ ಹೋಗ್ಲಿಲ್ಲ.

ಹಾಗಾಗಿ ಈ ಸಲ ವಾದ ಬಂದ್ ಮಾಡ್ಸಿ ಒಂದೇ ಫೈಟನ್ನ ಎರಡು ಸಲ ಆಡ್ಸೋಣ ಅಂತ ಮಾಡಿದೆ. ನಾಲ್ಕು ಜನ ಐದನೇ ಲೆವೆಲ್, ಎದುರಿಗೆ ಓಗರ್ ಅನ್ನೋ ಮೂರು ರಾಕ್ಷಸರು, ಎರಡೂ ಸಲ ಹಳೇ ಓಗರ್‌ಗಳೇ, ಎಸಿ (ಏಟು ಬೀಳೋಕೆ ಮುಟ್ಟಬೇಕಾದ ನಂಬರ್) 11, ಹೆಚ್‌ಪಿ (ಪ್ರಾಣದ ಅಂಕ) 59. ಮೊದಲ್ನೇ ಸಲ ಬಿದ್ದ ಡಿ20 (20 ಮುಖದ ಡೈಸ್) ಎಲ್ಲಾ ವರಸೆಯಾಗಿ ಬರ್ಕೊಂಡೆ, ಎರಡನೇ ಸಲ ಡೈಸ್ ಉರುಳ್ಸದೇ ಅದೇ ನಂಬರ್ ಓದ್ತೀನಿ, ಆಗ ಅದೃಷ್ಟದ ಮಾತೇ ಬರಲ್ಲ ಅನ್ನೋದು ನನ್ನ ಲೆಕ್ಕ.

ಹಳೇ ರೂಲ್ಸಲ್ಲಿ ಪ್ಯಾಲಡಿನ್ ಮಿಂಚ್ಬಿಟ್ಟ. ಒಂದೇ ಟರ್ನಲ್ಲಿ ಎರಡು ಏಟು ಬಿತ್ತು, ಎರಡಕ್ಕೂ ಎರಡನೇ ಲೆವೆಲ್ ಸ್ಲಾಟ್ (ಎಣಿಸಿ ಕೊಟ್ಟ ಮಂತ್ರಶಕ್ತಿ) ಸುಟ್ಟು ಸ್ಮೈಟ್ (ಏಟಿಗೆ ಸೇರೋ ದೈವಶಕ್ತಿ ಡ್ಯಾಮೇಜ್) ಹಾಕ್ದ, ಅಂದ್ರೆ ಕತ್ತಿದು ಬಿಟ್ಟು ಬರೀ ಸ್ಮೈಟಿಂದಾನೇ ಆರು ಡಿ8 (8 ಮುಖದ ಡೈಸ್). ಫೈಟರ್ ಆಗ್ಲೇ ಅರ್ಧ ಕೊಂದಿದ್ದ ಓಗರ್ ಅಲ್ಲೇ ಮಲಗ್ತು. ಫೈಟರ್ ಆಡೋಳು ಮಾತ್ರ ಹೊಡಿತೀನಿ, ಇನ್ನೊಂದ್ಸಲ ಹೊಡಿತೀನಿ ಅಂತ ಹೇಳಿ ಮೊಬೈಲ್ ನೋಡ್ತಾ ಕೂತ್ಳು.

ಹೊಸ ರೂಲ್ಸಲ್ಲಿ ನನ್ನ ನಂಬರ್ ಪಟ್ಟಿ ಒಂದು ರೌಂಡೂ ಬಾಳಿಕೆ ಬರ್ಲಿಲ್ಲ. ಫೈಟರ್ ಆಡೋಳ ದೊಡ್ಡ ಸುತ್ತಿಗೆ, ಮಾಲ್‌ಗೆ ಟಾಪಲ್ ಅನ್ನೋ ಬೀಳಿಸೋ ಮಾಸ್ಟರಿ ಇದೆ, ಏಟು ಬಿದ್ರೆ ಓಗರ್ ಕಾನ್ಸ್ಟಿಟ್ಯೂಷನ್ ಸೇವ್ (ದೇಹದ ಗಟ್ಟಿತನದಿಂದ ತಡ್ಕೊಳ್ಳೋಕೆ ಡೈಸ್) ಮಾಡ್ಬೇಕು, ಡಿಸಿ (ಮುಟ್ಟಬೇಕಾದ ನಂಬರ್) 15, ಅದಕ್ಕಿರೋದು ಪ್ಲಸ್ 3, ಅಂದ್ರೆ ಡೈಸಲ್ಲಿ 12 ಬೀಳ್ಬೇಕು. ಬೀಳ್ಲಿಲ್ಲ, ಓಗರ್ ನೆಲಕ್ಕೆ. ಈಗ ಪಕ್ಕದಲ್ಲಿ ನಿಂತೋರಿಗೆ ಅಡ್ವಾಂಟೇಜ್, ದೂರದಿಂದ ಬಾಣ ಬಿಡೋ ರೇಂಜರ್‌ಗೆ ಡಿಸ್‌ಅಡ್ವಾಂಟೇಜ್, ಎಲ್ರಿಗೂ ಎರಡೆರಡು ಡೈಸ್ (ಅಡ್ವಾಂಟೇಜ್ ಇದ್ರೆ ದೊಡ್ಡದು, ಇಲ್ಲಾಂದ್ರೆ ಚಿಕ್ಕದು ಲೆಕ್ಕ), ಪಟ್ಟಿ ಹರಿದು ಬಿಸಾಕ್ದೆ. ರೇಂಜರ್ ಆಡೋನು "ನಾನು ಹೊಡೆಯೋಕೆ ಮುಂಚೆ ಬೀಳಿಸ್ಬೇಡ ಮಾರಾಯ್ತಿ" ಅಂತ ಕೂಗ್ದ, ಅದು ಯಾರ ವಾದದಲ್ಲೂ ಬಂದಿರ್ಲಿಲ್ಲ. ಪ್ಯಾಲಡಿನ್‌ಗೆ ಸ್ಮೈಟ್ ಈಗ ಸ್ಪೆಲ್ಲು, ಬೋನಸ್ ಆ್ಯಕ್ಷನ್ (ಟರ್ನಲ್ಲಿ ಮುಖ್ಯ ಆ್ಯಕ್ಷನ್ ಜೊತೆ ಸಿಗೋ ಇನ್ನೊಂದು ಚಿಕ್ಕದು) ಬೇಕು, ಟರ್ನಿಗೆ ಒಂದೇ. ಓಗರ್ ಸಾಯ್ಲಿಲ್ಲ, ತಿರುಗಿ ಇವನಿಗೇ ಬಾರಿಸ್ತು. ಆದ್ರೆ ಮುಂದಿನ ಟರ್ನಲ್ಲಿ ಅವನೇ ಪುಸ್ತಕ ತಿರುವಿ ಲೇ ಆನ್ ಹ್ಯಾಂಡ್ಸ್ (ಕೈಯಿಟ್ಟು ಗಾಯ ವಾಸಿ ಮಾಡೋದು) ಬೋನಸ್ ಆ್ಯಕ್ಷನ್ ಆಗಿರೋದು ನೋಡ್ದ, ಎರಡು ಏಟೂ ಹೊಡೆದು ತನ್ನ ಗಾಯಾನೂ ವಾಸಿ ಮಾಡ್ಕೊಂಡ. ಹಳೇದ್ರಲ್ಲಿ ಅದಕ್ಕೆ ಇಡೀ ಆ್ಯಕ್ಷನ್ ಹೋಗ್ತಿತ್ತು.

ಆಮೇಲೆ ಅವನ ಬೇಡಿಕೆ ಏನ್ ಗೊತ್ತಾ, ಸ್ಮೈಟ್ ಹಳೇದು, ಲೇ ಆನ್ ಹ್ಯಾಂಡ್ಸ್ ಹೊಸದು! ಆಗಲ್ಲ ಅಂದೆ. ಒಂದು ಕ್ಲಾಸ್ (ಫೈಟರ್, ಪ್ಯಾಲಡಿನ್ ಥರದ್ದು) ತಗೊಂಡ್ರೆ ಪೂರ್ತಿ ಹಳೇದು ಇಲ್ಲ ಪೂರ್ತಿ ಹೊಸದು, ಟೇಬಲ್ಲಲ್ಲಿ ಎರಡೂ ಇರ್ಲಿ, ಒಂದೇ ಪಾತ್ರದ ಶೀಟಲ್ಲಿ ಬೇಡ. ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಮಂತ್ರ ಎಲ್ರಿಗೂ ಹೊಸದು, 1 ಡಿ8 ಬದಲು 2 ಡಿ8, ಇದಕ್ಕೆ ಯಾರೂ ತಕರಾರು ತೆಗೀಲಿಲ್ಲ. ಟಾಪಲ್ ಮಾತ್ರ ಟರ್ನಿಗೆ ಒಂದ್ಸಲ ಅಂತ ನನ್ನ ಸ್ವಂತ ರೂಲ್, ಪುಸ್ತಕದಲ್ಲಿ ಹಾಗಿಲ್ಲ, ಆದ್ರೆ ಪ್ರತಿ ಏಟಿಗೂ ಸೇವ್ ಉರುಳಿಸಿ ಉರುಳಿಸಿ ನನ್ನ ಕೈ ಸೋತಿತ್ತು, ಮೊದಲ ಫೈಟಿಗಿಂತ ಇದಕ್ಕೆ ಕಾಲು ಗಂಟೆ ಜಾಸ್ತಿ ಹಿಡೀತು.

ಪ್ಯಾಲಡಿನ್ ಎರಡು ದಿನ ಯೋಚ್ನೆ ಮಾಡಿ ಹಳೇ ಶೀಟೇ ಇಟ್ಕೊಂಡ. ಹೋದ ಸೆಷನ್ನಲ್ಲಿ ಫೈಟರ್ ಸೊನ್ನೆ ಹೆಚ್‌ಪಿಗೆ ಬಿದ್ಳು, ಎಬ್ಬಿಸೋಕೆ ಇವನೇ ಹತ್ರ ಇದ್ದಿದ್ದು, ಇಡೀ ಆ್ಯಕ್ಷನ್ ಹೋಗುತ್ತೆ, ಎದುರಿಗೆ ಬಾಸ್ ಸಾಯೋ ಹಾಗಿದೆ. ನನ್ನ ಮುಖ ನೋಡ್ದ, ನಾನು ಡಿಎಂ ಸ್ಕ್ರೀನ್ ಹಿಂದೆ ತಲೆ ತಗ್ಗಿಸ್ದೆ. "ಹಳೇ ಗಂಡನ ಪಾದವೇ ಗತಿ" ಅಂತ ಗೊಣಗಿ ಕೈ ಇಟ್ಟ.