ಹಳೆಯ ಹೋಟೆಲುಗಳು ಹೆಸರು ಉಳಿಸಿಕೊಂಡಿವೆಯೇ? ಬೆಂಗಳೂರಿನಲ್ಲಿ ಪರೀಕ್ಷಿಸಿ ನೋಡುವ ಬಗೆ

ಬೆಂಗಳೂರಿನ ಹಳೆಯ ಹೋಟೆಲುಗಳ ವಿಷಯದಲ್ಲಿ ಎರಡು ಬಗೆಯ ಮಾತು ಸದಾ ಕಿವಿಗೆ ಬೀಳುತ್ತದೆ. ‘ಮೊದಲಿನ ರುಚಿ ಈಗೆಲ್ಲಿದೆ’ ಎಂಬುದು ಒಂದು, ‘ಅಲ್ಲಿನ ದೋಸೆಗೆ ಸಾಟಿಯೇ ಇಲ್ಲ’ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಬಹುಮಟ್ಟಿಗೆ ಇಡೀ ಹೋಟೆಲಿಗೆ ಒಂದೇ ತೀರ್ಪು ಕೊಡುತ್ತಾರೆ. ಆದರೆ ಈ ಹೋಟೆಲುಗಳಿಗೆ ಹೆಸರು ಬಂದಿರುವುದು ಒಂದೋ ಎರಡೋ ತಿಂಡಿಗಳಿಂದ, ಅದೂ ಒಂದೇ ಒಂದು ಅಡುಗೆಮನೆಯಿಂದ. ಆದ್ದರಿಂದ ಹೆಸರು ಉಳಿದಿದೆಯೇ ಎಂದು ತಿಳಿಯಬಯಸುವವರು ಆ ತಿಂಡಿಯನ್ನು, ಆ ಅಡುಗೆಮನೆಯಲ್ಲಿ, ಅದು ಹದವಾಗಿರುವ ಹೊತ್ತಿನಲ್ಲಿ ತಿಂದು ನೋಡಬೇಕು.

ಮೊದಲು ಯಾವುದಕ್ಕೆ ಹೆಸರು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಮಸಾಲೆ ದೋಸೆ, ಮಲ್ಲೇಶ್ವರದ ಸಿಟಿಆರ್‌ಗೆ ಬೆಣ್ಣೆ ಮಸಾಲೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ರವೆ ಇಡ್ಲಿ ಮತ್ತು ತುಪ್ಪದ ಮಸಾಲೆ ದೋಸೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಎಂಬಷ್ಟಕ್ಕೇ ಹೆಸರಾಗಿದೆ. ಅಲ್ಲಿ ಸಾಂಬಾರ್ ಕೇಳುವಂತಿಲ್ಲ, ಇರುವುದು ಚಟ್ನಿ ಮಾತ್ರ. ಪಟ್ಟಿ ಇಷ್ಟು ಚಿಕ್ಕದಾಗಿರುವುದರಿಂದಲೇ ಅಂಥ ಕಡೆ ರುಚಿ ಹದ ತಪ್ಪುವುದು ಕಡಿಮೆ ಎಂಬುದು ನನ್ನ ಗಟ್ಟಿ ನಂಬಿಕೆ. ಹಳೆಯ ಹೋಟೆಲಿನ ಗೋಡೆಯ ಮೇಲೆ ಗೋಬಿ ಮಂಚೂರಿಯನ್ನು, ನೂಡಲ್ಸು ಕಾಣಿಸಿಕೊಂಡರೆ ಅದನ್ನು ತರಿಸಿ ತಿಂದು ಹೋಟೆಲು ಕೆಟ್ಟಿತೆಂದು ಹೇಳುವುದು ನ್ಯಾಯವಲ್ಲ. ಆದರೆ ಕೈ ಹಲವು ಕಡೆ ಹಂಚಿಹೋಗಿದೆ ಎಂಬುದಕ್ಕೆ ಅದು ಸೂಚನೆಯಂತೂ ಹೌದು, ಮುಖ್ಯ ತಿಂಡಿಯನ್ನು ಇನ್ನಷ್ಟು ಗಮನವಿಟ್ಟು ತಿನ್ನಿ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಗಬೇಡಿ. ಆ ಹೊತ್ತಿನಲ್ಲಿ ಕಾವಲಿ ಒಂದು ಕ್ಷಣವೂ ಬಿಡುವಿಲ್ಲದೆ ಉರಿಯುತ್ತಿರುತ್ತದೆ, ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಅದರ ಶಾಖ ಸರಿಹೋಗಲು ಸಮಯ ಸಿಗುವುದಿಲ್ಲ, ಜನರ ಆತುರಕ್ಕೆ ದೋಸೆಯನ್ನು ಒಂದರ್ಧ ನಿಮಿಷ ಮೊದಲೇ ಎತ್ತಬೇಕಾಗುತ್ತದೆ. ವಾರದ ನಡುವಿನ ಒಂದು ದಿನ, ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ ಹೋಗುವುದು ಒಳ್ಳೆಯದು. ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ರಾತ್ರಿಯೆಲ್ಲ ಹುದುಗಿ ಆ ಹೊತ್ತಿಗೆ ಹದಕ್ಕೆ ಬಂದಿರುತ್ತದೆ, ಬಿಸಿಲೇರಿದಂತೆ ಹುಳಿಯೂ ಏರುತ್ತದೆ. ಡಿಸೆಂಬರ್ ಮತ್ತು ಜನವರಿಯ ಚಳಿಗೆ ಹಿಟ್ಟು ನಿಧಾನವಾಗಿ ಹುದುಗುವುದರಿಂದ ಆ ತಿಂಗಳುಗಳಲ್ಲಿ ಇಡ್ಲಿ ಸ್ವಲ್ಪ ಗಟ್ಟಿಯೆನಿಸಿದರೆ ಕೂಡಲೇ ತೀರ್ಪು ಕೊಡದೆ, ಬೇಸಿಗೆಯಲ್ಲಿ ಇನ್ನೊಮ್ಮೆ ಹೋಗಿ ನೋಡಬೇಕು.

ಸಾಧ್ಯವಾದರೆ ಕಾವಲಿ ಕಾಣುವ ಕಡೆ ಸ್ವಲ್ಪ ಹೊತ್ತು ನಿಲ್ಲಿ. ದೋಸೆ ಹುಯ್ಯುವವರು ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ಚುರುಗುಟ್ಟಿ ಕೂಡಲೇ ಆರಬೇಕು, ಆಮೇಲೆ ಅವರು ಹಿಡಿಸೂಡಿಯಿಂದ ಗುಡಿಸಿ ಹಿಟ್ಟು ಹುಯ್ಯುತ್ತಾರೆ. ಈ ನೀರು ಚಿಮುಕಿಸುವ ಕೆಲಸವನ್ನು ಪ್ರತಿ ಸುತ್ತಿಗೂ ಮಾಡುತ್ತಾರೆಯೇ, ಅಥವಾ ಜನ ಹೆಚ್ಚಾದಾಗ ಬಿಟ್ಟುಬಿಡುತ್ತಾರೆಯೇ ಎಂಬುದನ್ನು ನೋಡಿದರೆ ಆ ಅಡುಗೆಮನೆಯ ಶಿಸ್ತು ಅರ್ಧ ತಿಳಿದಂತೆ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಹರಡದೆ ಸೌಟಿನ ಹಿಂದೆಯೇ ಎದ್ದುಬರುತ್ತದೆ, ಕಾವು ಸಾಲದಿದ್ದರೆ ದೋಸೆ ಬಿಳಿಚಿಕೊಂಡು ತೊಗಲಿನಂತಾಗುತ್ತದೆ. ತಟ್ಟೆ ಮುಂದೆ ಬಂದ ಮೇಲೆ ಮೊದಲು ಪಲ್ಯವಿಲ್ಲದ ಅಂಚನ್ನು ಬರಿದಾಗಿ ಮುರಿದು ತಿನ್ನಿ. ಹೊರಗೆ ಗರಿಗರಿ, ಒಳಗೆ ಮೃದು, ನಾಲಗೆಯ ಕೊನೆಯಲ್ಲಿ ತೆಳುವಾದ ಹುಳಿ, ಇಷ್ಟು ಇದ್ದರೆ ಹಿಟ್ಟು ಸರಿಯಾಗಿದೆ. ಬಣ್ಣ ಮಾತ್ರ ಚೆನ್ನಾಗಿದ್ದು ಹುದುಗಿನ ಪರಿಮಳವೇ ಇಲ್ಲದಿದ್ದರೆ, ಆ ಬಣ್ಣ ಹಿಟ್ಟಿಗೆ ಬೆರೆಸಿದ ಸಕ್ಕರೆಯಿಂದ ಬಂದಿರಬಹುದು. ಕೊನೆಯಲ್ಲಿ ಒಂದು ತುಂಡನ್ನು ತಟ್ಟೆಯಲ್ಲೇ ಬಿಟ್ಟು, ಐದು ನಿಮಿಷದ ನಂತರ ಬಾಯಿಗಿಡಿ. ಬಿಸಿಯೂ ತುಪ್ಪವೂ ಮುಚ್ಚಿಟ್ಟಿದ್ದ ಕುಂದು ಆಗ ಹೊರಬೀಳುತ್ತದೆ.

ನನ್ನ ಅನುಭವದಲ್ಲಿ ಹೋಟೆಲು ಇಳಿಮುಖವಾದಾಗ ಮೊದಲು ಕೆಡುವುದು ಚಟ್ನಿ. ತೆಂಗಿನಕಾಯಿಯ ಬೆಲೆ ಏರಿದ ಕೂಡಲೇ ಕಾಯಿ ಕಡಿಮೆಯಾಗಿ ಹುರಿಗಡಲೆ ಹೆಚ್ಚುತ್ತದೆ, ಅದರ ಮೇಲೆ ನೀರೂ ಸೇರುತ್ತದೆ. ದೋಸೆಯನ್ನು ಹಾಗೆ ತೆಳುವಾಗಿಸಿದರೆ ಗಿರಾಕಿಗೆ ತಕ್ಷಣ ಗೊತ್ತಾಗುತ್ತದೆ, ಚಟ್ನಿಯಲ್ಲಿ ಮಾಡಿದ ಉಳಿತಾಯ ಗೊತ್ತಾಗಲು ತಿಂಗಳುಗಳೇ ಬೇಕು. ಆದ್ದರಿಂದ ಚಟ್ನಿಯನ್ನು ಬೆರಳಿನಲ್ಲಿ ತೆಗೆದು ಪ್ರತ್ಯೇಕವಾಗಿ ರುಚಿ ನೋಡಿ, ಎರಡನೆಯ ಸಲ ಬಡಿಸಿದ ಚಟ್ನಿ ಮೊದಲಿನಷ್ಟೇ ಗಟ್ಟಿಯಾಗಿದೆಯೇ ಎಂದೂ ಗಮನಿಸಿ. ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಂದಿಗೂ ಕೇಳಿದಷ್ಟು ಸಲ ಚಟ್ನಿ ಹಾಕುತ್ತಾರೆ, ಆ ಒಂದು ಔದಾರ್ಯಕ್ಕಾಗಿಯೇ ಅದರ ಮೇಲಿನ ನನ್ನ ಗೌರವ ಕುಂದಿಲ್ಲ.

ಕಾಫಿಯ ಪರೀಕ್ಷೆ ಚಿಕ್ಕದು. ಆಗ ಇಳಿಸಿದ ಡಿಕಾಕ್ಷನ್ನಿನ ಪರಿಮಳ ಲೋಟ ಮೇಜಿಗೆ ಬರುವ ಮೊದಲೇ ಬರುತ್ತದೆ, ಮತ್ತೆ ಮತ್ತೆ ಕಾಯಿಸಿದ್ದು ಬರೀ ಕಹಿಯಾಗಿರುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಕನಿಷ್ಠ ಶೇ. 51 ಇರಬೇಕೆಂದು ಕಾನೂನಿದೆ. ಆ ಅಂಚಿಗೆ ಬಂದ ಪುಡಿಯಾದರೆ ಕಾಫಿ ಬಲು ಕಪ್ಪಗೆ, ಮಂದವಾಗಿ ಕಂಡರೂ ಕುಡಿದ ಮೇಲೆ ಬಾಯಲ್ಲಿ ಕಾಫಿಯ ರುಚಿ ನಿಲ್ಲುವುದಿಲ್ಲ.

ಇನ್ನು ಹೆಚ್ಚು ಕಷ್ಟದ ಕೆಲಸವೆಂದರೆ ನೆನಪನ್ನು ರುಚಿಯಿಂದ ಬೇರೆ ಮಾಡುವುದು. ಹೊರಗೆ ತಿನ್ನುವುದೇ ಅಪರೂಪವಾಗಿದ್ದ ಕಾಲದಲ್ಲಿ ತಂದೆಯ ಕೈ ಹಿಡಿದು ಹೋಗಿ ತಿಂದ ದೋಸೆಗೆ ಇಂದಿನ ಯಾವ ದೋಸೆಯೂ ಸಮನಾಗದು, ಅದಕ್ಕೆ ಹೋಟೆಲನ್ನು ಹೊಣೆ ಮಾಡಲಾಗದು. ಇನ್ನೊಂದು ಕಾರಣವನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1980ರ ದಶಕದಿಂದ ಬಡಾವಣೆ ಬಡಾವಣೆಗೂ ಬಂದ, ನಿಂತು ತಿನ್ನುವ ದರ್ಶಿನಿಗಳು ಸಾಧಾರಣ ದೋಸೆಯ ಮಟ್ಟವನ್ನೇ ಮೇಲಕ್ಕೆ ಎತ್ತಿದವು. ಹಳೆಯ ಹೋಟೆಲು ಇದ್ದಲ್ಲೇ ಇದ್ದರೂ ಅದಕ್ಕೂ ಉಳಿದವಕ್ಕೂ ಇದ್ದ ಅಂತರ ಕಿರಿದಾಯಿತು, ಹಾಗಾಗಿ ಅದು ಕೆಳಗಿಳಿದಂತೆ ತೋರುತ್ತದೆ. ಇದನ್ನು ಅರಿಯಲು ನಾನು ಅನುಸರಿಸುವ ಉಪಾಯವೆಂದರೆ, ಒಂದೇ ಬೆಳಿಗ್ಗೆ ಹಳೆಯ ಹೋಟೆಲಿನಲ್ಲಿ ಅರ್ಧ ಹೊಟ್ಟೆ ತಿಂದು, ಮನೆಯ ಹತ್ತಿರದ ದರ್ಶಿನಿಯಲ್ಲಿ ಅದೇ ತಿಂಡಿಯನ್ನು ತಿನ್ನುವುದು. ನೆನಪಿನ ದೋಸೆಯ ಜೊತೆಗಲ್ಲ, ಅಂದಿನ ದಿನದ ದೋಸೆಯ ಜೊತೆಗೇ ಆಗ ಹೋಲಿಕೆ ನಡೆಯುತ್ತದೆ. ಜೊತೆಗೆ ಹತ್ತೊಂಬತ್ತಿಪ್ಪತ್ತು ವರ್ಷದ ಒಬ್ಬರನ್ನು ಕರೆದುಕೊಂಡು ಹೋಗಿ, ಹೋಟೆಲಿನ ಕಥೆ ಹೇಳದೆ ಅವರ ಅಭಿಪ್ರಾಯ ಕೇಳಿ.

ಕೈ ಬದಲಾದರೆ ರುಚಿ ಹೋಗುತ್ತದೆಂಬ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ವಿದ್ಯಾರ್ಥಿ ಭವನವನ್ನು 1943ರಲ್ಲಿ ಆರಂಭಿಸಿದವರು ವೆಂಕಟರಮಣ ಉರಾಳರು. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು. ಇಂದು ಆ ಹೋಟೆಲನ್ನು ಹೊಗಳುವ ಬಹುಪಾಲು ಜನರ ನೆನಪಿನಲ್ಲಿರುವುದು ಕೈ ಬದಲಾದ ನಂತರದ ದೋಸೆಯೇ. ಸ್ಥಳ ಬದಲಾದರೂ ಹೀಗೆಯೇ ವಿಚಾರ ಮಾಡಬೇಕು. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ ಹಳೆಯ ಗಿರಾಕಿಗಳು ಕಳೆದುಕೊಂಡದ್ದು ಆ ಕಿಟಕಿ, ಆ ಬೀದಿಯ ನೋಟ. ಆ ದುಃಖ ನಿಜವಾದದ್ದು, ಆದರೆ ಅದನ್ನು ಕಾಫಿಯ ಲೆಕ್ಕಕ್ಕೆ ಬರೆಯಬಾರದು.

ಹೆಸರು ಒಂದೇ ಆಗಿದ್ದು ಅಡುಗೆಮನೆ ಬೇರೆಯಾಗಿರುವ ಕಡೆ ಮಾತ್ರ ಎಚ್ಚರ ಬೇಕು. ಮಯ್ಯ ಕುಟುಂಬದವರು 1924ರಲ್ಲಿ ಆರಂಭಿಸಿದ ಎಂಟಿಆರ್‌ನ ಪೊಟ್ಟಣದ ಆಹಾರದ ವ್ಯವಹಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು, ಹೋಟೆಲು ಕುಟುಂಬದಲ್ಲೇ ಉಳಿಯಿತು. ಪೊಟ್ಟಣದ ರವೆ ಇಡ್ಲಿ ಹಿಟ್ಟನ್ನು ಮನೆಯಲ್ಲಿ ಬೇಯಿಸಿ ತಿಂದು ಲಾಲ್‌ಬಾಗ್ ರಸ್ತೆಯ ಹೋಟೆಲಿನ ಬಗ್ಗೆ ಮಾತನಾಡುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಹುಟ್ಟಿತೆಂದು ಎಂಟಿಆರ್‌ನವರು ಹೇಳುವ ಆ ಇಡ್ಲಿಯನ್ನು, ತುಪ್ಪ ಹಾಕಿಸಿಕೊಂಡು, ಆಲೂಗಡ್ಡೆ ಸಾಗುವಿನ ಜೊತೆ ಮೂಲ ಹೋಟೆಲಿನಲ್ಲೇ ತಿಂದು ನೋಡಬೇಕು. ಯಾವುದೇ ಹೋಟೆಲಿನ ಶಾಖೆಗೆ ಹೋಗುವುದಾದರೂ ಮೊದಲು ಮೂಲದಲ್ಲಿ ತಿಂದಿರಿ, ಇಲ್ಲದಿದ್ದರೆ ಅಳೆಯಲು ಅಳತೆಗೋಲೇ ಇರುವುದಿಲ್ಲ.

ಸಾಲಿನಲ್ಲಿ ನಿಂತ ಹೊತ್ತು, ಮೇಜು ಹಂಚಿಕೊಳ್ಳಬೇಕಾದದ್ದು, ತಿಂದು ಮುಗಿಸುವ ಮೊದಲೇ ಬಿಲ್ಲು ಬಂದದ್ದು, ಇವನ್ನೆಲ್ಲ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಅವು ಮತ್ತೆ ಹೋಗಬೇಕೇ ಎಂಬ ಪ್ರಶ್ನೆಗೆ ಸೇರಿದವು, ರುಚಿ ಉಳಿದಿದೆಯೇ ಎಂಬುದಕ್ಕಲ್ಲ. ಆದರೆ ಮೇಜು ಒರೆಸುವ ಬಟ್ಟೆ, ಲೋಟದ ತಳ ಮತ್ತು ಕೈತೊಳೆಯುವ ಜಾಗ ಕೊಳಕಾಗಿದ್ದರೆ ಯಾವ ಹಳಮೆಯ ಹೆಸರಿನಲ್ಲೂ ಕ್ಷಮಿಸಬೇಡಿ.

ದೂರದಿಂದ ಬಂದು ಒಂದೆರಡು ದಿನ ಮಾತ್ರ ಇರುವವರು ರಜೆಯ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು: ಎಂಟಿಆರ್ ಸೋಮವಾರ, ವಿದ್ಯಾರ್ಥಿ ಭವನ ಶುಕ್ರವಾರ ಮುಚ್ಚಿರುವುದು ವಾಡಿಕೆ. ಒಂದೇ ಬೆಳಿಗ್ಗೆಯಷ್ಟೇ ಬಿಡುವಿದ್ದರೆ ಶಂಕರಪುರದಲ್ಲಿ ಒಂದು ಇಡ್ಲಿ ತಿಂದು, ಅಲ್ಲಿಂದ ಗಾಂಧಿ ಬಜಾರಿಗೆ ನಡೆದುಹೋಗಿ ದೋಸೆ ತಿನ್ನಬಹುದು. ಎರಡೂ ಕಡೆ ಅಂದಂದೇ ತೀರ್ಪು ಕೊಡಬಹುದಾದಷ್ಟು ಹಸಿವು ಉಳಿದಿರುತ್ತದೆ.