ಹಳೆ ಕಾರಿನ ಸ್ಟೀರಿಯೊಗೆ ಬ್ಲೂಟೂತ್

ಸ್ಟೀರಿಯೊ ಇನ್ನೂ ಚೆನ್ನಾಗಿ ಹಾಡುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ. ಮುಂದೆ ಆಕ್ಸ್ ತೂತು, ಅಂದರೆ ಹೊರಗಿನಿಂದ ವೈರಿನಲ್ಲಿ ಹಾಡು ಕೊಡುವ ತೂತು, ಇದೆಯಾ ನೋಡಿ. ಇದ್ದರೆ, ಮೈಕ್ ಇರುವ ಬ್ಲೂಟೂತ್ ರಿಸೀವರ್ ತಂದು 3.5 ಎಂಎಂ ಪಿನ್ ಚುಚ್ಚಿ. ಕರೆಂಟಿಗೆ ಸಿಗರೇಟ್ ಲೈಟರ್‌ನ ಚಾರ್ಜರ್ ಸಾಕು.

ಆಕ್ಸ್ ಇಲ್ಲವಾ? ಫೋನಿನ ಹಾಡನ್ನು ಖಾಲಿ ಇರುವ ಎಫ್‌ಎಂ ನಂಬರಿನಲ್ಲಿ ಕಾರಿನ ರೇಡಿಯೊಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಅಗ್ಗ, ಆದರೆ ಬೆಂಗಳೂರಿನಲ್ಲಿ ನನಗದು ಒಗ್ಗುವುದಿಲ್ಲ. 91.1, 93.5, 98.3, 101.3, 102.9 ಅಂತ ಎಲ್ಲಿ ತಿರುಗಿಸಿದರೂ ಸ್ಟೇಷನ್. ನಿಮ್ಮ ಹಾಡಿನ ಮಧ್ಯೆ ಜಾಹೀರಾತು ನುಗ್ಗುತ್ತದೆ.

ನಮ್ಮ ಹಳೆ ವ್ಯಾಗನಾರ್‌ಗೆ ಕೊನೆಗೆ ಬ್ಲೂಟೂತ್ ಇರುವ ಸ್ಟೀರಿಯೊನೇ ಹಾಕಿದೆ. ಮೊದಲು 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ. ಹೊಸ ಸ್ಟೀರಿಯೊದ ಹಳದಿ ವೈರಿಗೆ ಸದಾ ಕರೆಂಟ್ ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ಹಳದಿ-ಕೆಂಪು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಕಾರಿನ ಕಡೆಯ ವೈರುಗಳ ಬಣ್ಣ ಬೇರೆಯೇ ಇರಬಹುದು. ಅದಕ್ಕೇ ಕಾರಿನ ವೈರುಗಳನ್ನು ಸ್ಟೀರಿಯೊದ ವೈರುಗಳಿಗೆ ಜೋಡಿಸುವ, ನಿಮ್ಮ ಮಾಡೆಲ್‌ನ ಕಪ್ಲರ್ ಕೊಳ್ಳಿ. ವೈರ್ ಕತ್ತರಿಸುವ ತಾಪತ್ರಯ ಇರಲ್ಲ.

ಹಾಡು ಹೇಗೋ ಬರುತ್ತದೆ, ಕಷ್ಟ ಇರುವುದು ಫೋನಿನ ಮಾತಿನಲ್ಲೇ. ಸ್ಟೀರಿಯೊದ ಮುಖದಲ್ಲೇ ಇರುವ ಮೈಕ್‌ಗೆ ಎಸಿ ಗಾಳಿಯ ಸದ್ದೇ ಜಾಸ್ತಿ. "ಏನಂದ್ರಿ? ಕೇಳಿಸ್ತಿಲ್ಲ" ಅಂತ ಅತ್ತ ಕಡೆಯಿಂದ ಕೂಗುತ್ತಾರೆ. ಹೊರಗಿನ ಮೈಕ್ ಜೋಡಿಸಲು ಜಾಗ ಇರುವ ಸ್ಟೀರಿಯೊ ಆರಿಸಿ. ಮೈಕನ್ನು ಡ್ರೈವರ್‌ನ ಸನ್ ವೈಸರ್ ಹತ್ತಿರ ಸಿಕ್ಕಿಸಿ, ವೈರನ್ನು ಬಾಗಿಲಿನ ರಬ್ಬರ್ ಒಳಗೆ ತೂರಿಸಿ. ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಆ ಕವರ್ ಬಿಚ್ಚಬೇಡಿ.

ಆಕ್ಸ್‌ಗೆ ರಿಸೀವರ್ ಹಾಕಿದವರಿಗೆ ಇನ್ನೊಂದು ಮಾತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್ ಕುಂಯ್ ಅಂದರೆ, ಆಕ್ಸ್ ವೈರಿನ ನಡುವೆ ಆ ಸದ್ದನ್ನು ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ ನೋಡಿ.